ಇರುಳಿನ ಕಾವ್ಯಕ್ಕೆ ಹದಿನೈದು ನಿಮಿಷ

ಇರುಳಿಡೀ ಮಂಟೇಸ್ವಾಮಿಯ ಕಾವ್ಯ ಹಾಡುವ ಮಳವಳ್ಳಿ ಸೀಮೆಯ ನೀಲಗಾರರ ಮೇಳವೊಂದಕ್ಕೆ ಉತ್ಸವದ ವೇದಿಕೆಯಲ್ಲಿ 15 ನಿಮಿಷ ಸಿಕ್ಕಿತು ಅನ್ನಿ. ಮೇಳದಲ್ಲಿ ನಾಲ್ವರು. ಹಿಂದಿನ ತಂಡ ಇಳಿದು, ಇವರು ಹತ್ತಿ, ಮೈಕಿನ ಕತ್ತು ಬಗ್ಗಿಸಿ, ತಂತಿ ಮೀಟಿ ಶ್ರುತಿ ನೋಡಿಕೊಳ್ಳುವಷ್ಟರಲ್ಲಿ 3 ನಿಮಿಷ ಹೋಯಿತು. ಧರೆಗೆ ದೊಡ್ಡವರು, ಪರಂಜ್ಯೋತಿ ಎನಿಸಿಕೊಂಡ ಮಂಟೇಸ್ವಾಮಿಯವರನ್ನು, ಅವರ ಶಿಷ್ಯಬಳಗದ ರಾಚಪ್ಪಾಜಿ, ಚೆನ್ನಾಜಮ್ಮ, ಘನನೀಲಿ ಸಿದ್ದಪ್ಪಾಜಿಯವರನ್ನು ಕರೆಯದೆ ಕತೆ ಎತ್ತುವಂತಿಲ್ಲ. ಎಷ್ಟು ಚುಟುಕಾಗಿ ಕರೆದರೂ 5 ನಿಮಿಷ. ಉಳಿದದ್ದು 7. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹೊರಟು ಹಲಗೂರಿನ ಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ ವೇದಿಕೆಯ ಪಕ್ಕದಿಂದ ಎರಡು ಬೆರಳು ಮೇಲೇಳುತ್ತವೆ. ಇನ್ನೆರಡೇ ನಿಮಿಷ ಎಂದು ಅರ್ಥ. ಹಾಡುಗಾರರು ಮಂಗಳಕ್ಕೆ ಹಾರುತ್ತಾರೆ. ಶಾಲು, ಪ್ರಮಾಣಪತ್ರ, ಫೋಟೊ. ಅಲ್ಲಿನ ಕಮ್ಮಾರರಾದ ಪಾಂಚಾಳರು ಕಬ್ಬಿಣ ಕೊಟ್ಟರೋ ಇಲ್ಲವೋ ಎಂಬುದು ಎದುರಿಗೆ ಕೂತ ಯಾರಿಗೂ ತಿಳಿಯಲಿಲ್ಲ.

ಇದನ್ನು ಯಾರೋ ಒಬ್ಬ ಆಯೋಜಕರ ತಪ್ಪೆಂದು ತಳ್ಳಿಹಾಕಲಾಗದು. ದಸರಾ, ಜಾನಪದ ಜಾತ್ರೆ, ಕಾಲೇಜಿನ ಜಾನಪದ ದಿನ, ಸಮ್ಮೇಳನದ ಸಂಜೆ, ಎಲ್ಲ ಕಡೆ ವೇದಿಕೆಯ ಲೆಕ್ಕ ಇರುವುದೇ ನಿಮಿಷದಲ್ಲಿ. ಬ್ಯಾನರಿನ ಮೇಲೆ ‘ನಶಿಸುತ್ತಿರುವ ಕಲೆ’ ಎಂದು ಬರೆದಿರುತ್ತದೆ. ಆದರೆ ಹಾಡುವವರು ಇನ್ನೂ ಇದ್ದಾರೆ. ತಂಬೂರಿ ಇದೆ, ಬಸ್ಸಿನಲ್ಲಿ ಮೊಬೈಲಿಗೆ ಕಿವಿಕೊಟ್ಟು ಮಾದಪ್ಪನ ಪದ ಕೇಳುವ ಜನರೂ ಇದ್ದಾರೆ. ಬೇಗ ಬೇಗ ಇಲ್ಲವಾಗುತ್ತಿರುವುದು ಒಂದು ಸಂಗತಿ: ರಾತ್ರಿ ಊಟ ಮುಗಿದ ಮೇಲೆ ಶುರುವಾಗಿ ಕೋಳಿ ಕೂಗುವವರೆಗೆ ಸಾಗುವ ಇರುಳು. ಆ ಇರುಳು ಹೋದಾಗ ಕಾವ್ಯದ ಒಳಗಿಂದ ಏನೇನು ಕಳಚಿ ಬೀಳುತ್ತದೆ ಎಂಬುದನ್ನು ಈಗಲಾದರೂ ಬಿಡಿಸಿ ನೋಡಬೇಕು.

ಮೊದಲು ಕಾವ್ಯದ ಅಳತೆ. ಹಳೆ ಮೈಸೂರಿನ ಈ ಮೂಲೆಯಲ್ಲಿ ಎರಡು ಮಹಾಕಾವ್ಯಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಮಲೆಮಾದೇಶ್ವರನನ್ನು ಕಂಸಾಳೆಯ ದೇವರಗುಡ್ಡರು ಹಾಡುತ್ತಾರೆ, ಮಂಟೇಸ್ವಾಮಿಯನ್ನು ತಂಬೂರಿಯ ನೀಲಗಾರರು. ಇಬ್ಬರೂ ಗುರುಮನೆಯಿಂದ ದೀಕ್ಷೆ ಪಡೆದವರು. ಮನೆತನದ ಹರಕೆಯಂತೆ ಒಬ್ಬ ಮಗನನ್ನು ದೇವರಿಗೆ ಬಿಡುವ ಪದ್ಧತಿಯಿಂದ ಬಂದವರು. ಮಂಟೇಸ್ವಾಮಿಯ ನೆಲೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ. ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದಿಗೆ ಕೃಷ್ಣರಾಜನಗರದ ಕಡೆ, ಕಾವೇರಿ ದಂಡೆಯ ಕಪ್ಪಡಿಯಲ್ಲಿ. ಸಿದ್ದಪ್ಪಾಜಿ ಚಿಕ್ಕಲ್ಲೂರಿನಲ್ಲಿ, 1997ರಲ್ಲಿ ಜಿಲ್ಲೆ ಒಡೆಯುವವರೆಗೂ ಅದೂ ಮೈಸೂರಿನದೇ. ಚಿಕ್ಕಲ್ಲೂರಿನ ಜಾತ್ರೆ ಬನದ ಹುಣ್ಣಿಮೆಗೆ ಚಂದ್ರಮಂಡಲ ಉರಿಯುವುದರೊಂದಿಗೆ ಮೊದಲಾಗಿ 5 ದಿನ ನಡೆಯುತ್ತದೆ. ಕಪ್ಪಡಿಯದು ಶಿವರಾತ್ರಿಯಿಂದ ಯುಗಾದಿಯ ಆಸುಪಾಸಿನವರೆಗೆ. ಕಾವ್ಯದ ಭಾಗಗಳಿಗೆ ‘ಸಾಲು’ ಎನ್ನುತ್ತಾರೆ: ಜಗತ್ತು ಸೃಷ್ಟಿಯ ಸಾಲು, ಕಲ್ಯಾಣ ಪಟ್ಟಣದ ಸಾಲು, ಬಾಚಿಬಸವಯ್ಯನ ಸಾಲು, ಕೆಂಪಾಚಾರಿ ಸಾಲು, ಹಲಗೂರಿನ ಪವಾಡ. ಮಾದಪ್ಪನ ಕಡೆ ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಒಂದು ಇರುಳಿಗೆ ಒಂದು ದೊಡ್ಡ ಸಾಲು, ಹೆಚ್ಚೆಂದರೆ ಎರಡು. ಇಡೀ ಕಾವ್ಯ ಒಂದೇ ರಾತ್ರಿಗೆ ಮುಗಿಯುವ ಮಾತೇ ಇಲ್ಲ.

ಇಷ್ಟನ್ನು ಹಾಡುಗಾರರು ಬಾಯಿಪಾಠ ಮಾಡಿರುತ್ತಾರೆ ಎಂಬ ನಂಬಿಕೆ ಓದಿದವರಲ್ಲಿ ಗಟ್ಟಿಯಾಗಿದೆ. ‘ಎಂಥ ನೆನಪಿನ ಶಕ್ತಿ!’ ಎಂಬ ಹೊಗಳಿಕೆ ಅಲ್ಲಿಂದಲೇ ಹುಟ್ಟುವುದು. ಆ ಹೊಗಳಿಕೆ ತಪ್ಪು ಜಾಗಕ್ಕೆ ಬೀಳುತ್ತದೆ. ಹಾಡುಗಾರರ ಒಳಗಿರುವುದು ಪದಕ್ಕೆ ಪದ ಜೋಡಿಸಿಟ್ಟ ಪಠ್ಯವಲ್ಲ. ಕತೆಯ ಎಲುಬು, ಮಾತಿನ ಅಚ್ಚುಗಳು, ಎಲ್ಲಿ ಎಷ್ಟು ಹಿಗ್ಗಿಸಬೇಕು ಎಂಬ ಅಂದಾಜು. ಸಾಲು ಸಾಲಾಗಿ ಕಾವ್ಯ ಹುಟ್ಟುವುದು ಹಾಡುವ ಗಳಿಗೆಯಲ್ಲಿ. 1930ರ ದಶಕದಲ್ಲಿ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಧ್ವನಿಮುದ್ರಣ ಮಾಡಿದ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ, ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಜಗತ್ತಿಗೆ ತೋರಿಸಿಕೊಟ್ಟದ್ದು ಇದನ್ನೇ. ನಮ್ಮ ನೀಲಗಾರರ ಪಕ್ಕದಲ್ಲಿ ಒಂದು ರಾತ್ರಿ ಕೂತರೆ ಅದು ಕಣ್ಣಿಗೇ ಕಾಣುತ್ತದೆ.

ಹೇಗೆಂದರೆ: ಮುಖ್ಯ ಹಾಡುಗಾರರು ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡು ಒಂದು ಕೈಯಲ್ಲಿ ಮೀಟುತ್ತಾರೆ, ಇನ್ನೊಂದು ಕೈಯಲ್ಲಿ ಗಗ್ಗರ. ಗಗ್ಗರವೆಂದರೆ ಒಳಗೆ ಹರಳು ತುಂಬಿದ ಟೊಳ್ಳು ಲೋಹದ ಬಳೆ. ಪಕ್ಕದಲ್ಲಿ ದಮ್ಮಡಿ, ತಾಳ, ಡಕ್ಕೆ ಹಿಡಿದ ಹಿಮ್ಮೇಳ. ಹಾಡುಗಾರರು ಎರಡು ಸಾಲು ಹೇಳಿ ನಿಲ್ಲಿಸುತ್ತಾರೆ. ಹಿಮ್ಮೇಳದವರು ‘ಸಿದ್ದಯ್ಯ ಸ್ವಾಮಿ ಬನ್ನಿ’ ಎಂದು ಸೊಲ್ಲು ಎತ್ತಿಕೊಳ್ಳುತ್ತಾರೆ. ಕೇಳುವವರಿಗೆ ಸೊಲ್ಲು ಭಕ್ತಿ. ಹಾಡುವವರಿಗೆ ಅದು ಭಕ್ತಿಯೂ ಹೌದು, ಉಸಿರೂ ಹೌದು. ಆ ಕೆಲವೇ ಸೆಕೆಂಡುಗಳಲ್ಲಿ ಅವರು ಉಸಿರು ತುಂಬಿಕೊಳ್ಳಬೇಕು, ಎಂಜಲು ನುಂಗಬೇಕು, ಮುಂದಿನ ಎರಡು ಸಾಲನ್ನು ಕಟ್ಟಿಕೊಳ್ಳಬೇಕು. ಕತೆಯ ಎಳೆ ಒಂದು ಗಳಿಗೆ ತಪ್ಪಿತೆನ್ನಿ, ‘ಏನಂದರಂತೆ ನನ್ನ ಗುರುವು’ ಎಂಬಂಥ ಅಚ್ಚು ಮಾತೊಂದನ್ನು ಹಿಡಿದು ಎರಡು ಸುತ್ತು ತಿರುಗಿಸುತ್ತಾರೆ. ಸೊಲ್ಲು ಇನ್ನೊಂದು ಸಲ ಬರುತ್ತದೆ, ಅಷ್ಟರಲ್ಲಿ ಎಳೆ ಸಿಕ್ಕಿರುತ್ತದೆ. ಹಾಡು ಕಡಿಯುವುದಿಲ್ಲ. ನುರಿತ ಹಿಮ್ಮೇಳದವರು ಹಾಡುಗಾರರ ಕತ್ತಿನ ನರ ನೋಡಿಯೇ ಸೊಲ್ಲನ್ನು ಒಂದು ಎಳೆ ಉದ್ದ ಎಳೆದುಕೊಡುತ್ತಾರೆ. ಈ ಕೊಡುಕೊಳ್ಳುವಿಕೆಯನ್ನು ಯಾವ ಪುಸ್ತಕವೂ ಹಿಡಿದಿಡಲಾರದು.

ಇನ್ನು ಹಿಗ್ಗಿಸುವುದು. ‘ಸಿದ್ದಪ್ಪಾಜಿ ಹಲಗೂರಿಗೆ ಹೊರಟರು’ ಎಂಬುದು ಎಲುಬು, ಮೂರೇ ಪದ. ಇದರ ಮೇಲೆ ಮಾಂಸ ತುಂಬುವ ಬಗೆ ನೋಡಿ. ಗುರು ಅಪ್ಪಣೆ ಕೊಡುವುದು ಒಂದು ಘಟಕ. ಶಿಷ್ಯ ಅಂಜುವುದು, ಗುರು ಧೈರ್ಯ ಹೇಳುವುದು ಇನ್ನೊಂದು. ಕಂಡಾಯವೆಂಬ ಲಾಂಛನ, ಬೆತ್ತ, ಜೋಳಿಗೆ, ಹಣೆಗೆ ಹಚ್ಚುವ ಕಪ್ಪು ಬೂದಿಯಾದ ಕಪ್ಪುಧೂಳ್ತ, ಒಂದೊಂದನ್ನೂ ಹೆಸರಿಟ್ಟು ಹೇಳುವ ಸಿಂಗಾರ ಮತ್ತೊಂದು. ಆಮೇಲೆ ದಾರಿ: ಯಾವ ಊರು ದಾಟಿದರು, ಯಾವ ಕೆರೆಯ ಏರಿ ಹತ್ತಿದರು, ಯಾವ ಮರದ ನೆರಳಲ್ಲಿ ನಿಂತರು. ಕತೆ ಮಾಡಿಸುತ್ತಿರುವುದು ಬನ್ನೂರಿನ ಕಡೆಯಾದರೆ ಅಲ್ಲಿನ ಕೆರೆ ದಾರಿಯೊಳಕ್ಕೆ ಬರುತ್ತದೆ, ಮದ್ದೂರಿನ ಕಡೆಯಾದರೆ ಅಲ್ಲಿನ ಹೊಳೆ. ತಮ್ಮೂರ ಹೆಸರು ಬಂದೊಡನೆ ತೂಕಡಿಸುತ್ತಿದ್ದ ಅಜ್ಜಿ ನೆಟ್ಟಗೆ ಕೂರುತ್ತಾಳೆ. ನೀರಿಗೆ ಬಂದ ಹೆಂಗಸರು ಈ ವೇಷ ಕಂಡು ಬೆರಗಾಗುವುದು, ಅವರೊಂದಿಗೆ ಮಾತುಕತೆ. ಕಡೆಗೆ ಊರ ಬಾಗಿಲು. ರಾತ್ರಿ 11ಕ್ಕೆ ಈ ಭಾಗ ಅರ್ಧ ಗಂಟೆ ಹಿಡಿಯಬಹುದು. ಜನ ದಣಿದಿದ್ದರೆ ಹತ್ತೇ ನಿಮಿಷಕ್ಕೆ ಇಳಿಸಿ, ಬೆಳಗಿನ ಜಾವ ಪಾಂಚಾಳರ ಪರೀಕ್ಷೆಗಳಿಗೆ ಹೊತ್ತು ಉಳಿಸಿಕೊಳ್ಳಬಹುದು. ತೀರ್ಮಾನ ಹಾಡುಗಾರರದು, ಅವರಿಗೆ ಆಧಾರ ಎದುರಿಗಿನ ಮುಖಗಳು. ಮೂರು ಪದ ಅರ್ಧ ಗಂಟೆಯಾಗುವ ಈ ವಿದ್ಯೆಯೇ ಕಾವ್ಯ. 15 ನಿಮಿಷದ ವೇದಿಕೆಯಲ್ಲಿ ಉಳಿಯುವುದು ಆ ಮೂರು ಪದ.

ಚುಟುಕಾಗಿ ಹಾಡುವುದೂ ಒಂದು ವಿದ್ಯೆಯಲ್ಲವೇ ಎಂದು ಕೇಳಬಹುದು. ಹೌದು, ಅದಕ್ಕೆ ತುಳುನಾಡಿನಲ್ಲೇ ಒಳ್ಳೆಯ ಸಾಕ್ಷಿಯಿದೆ. ಬೆಳ್ತಂಗಡಿ ಕಡೆಯ ಸಿರಿ ಹಾಡುಗಾರರಾದ ಗೋಪಾಲ ನಾಯ್ಕರು ಕೋಟಿ ಚೆನ್ನಯರ ಕತೆಯನ್ನು ರೇಡಿಯೊದವರು ಕೊಟ್ಟ 20 ನಿಮಿಷದಲ್ಲಿ ಹಾಡಿ ಮುಗಿಸಿದ್ದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಹೊತ್ತಿನ ಹಂಗಿಲ್ಲದೆ ಹಾಡಲು ಕೇಳಿಕೊಂಡಾಗ ಅದೇ ಕತೆ 15 ಗಂಟೆಗೆ, ಸುಮಾರು 7,000 ಸಾಲಿಗೆ ಬೆಳೆಯಿತು. ನಾಯ್ಕರ ಲೆಕ್ಕದಲ್ಲಿ ಎರಡು ಸಲವೂ ಅವರು ಹಾಡಿದ್ದು ಪೂರ್ತಿ ಕತೆಯನ್ನೇ. 1990ರಲ್ಲಿ ಅವರ ಬಾಯಿಂದ ದಾಖಲಾದ ಸಿರಿ ಕಾವ್ಯ 15,683 ಸಾಲಿನದು. ಆದರೆ ಇಲ್ಲಿ ಗಮನಿಸಬೇಕಾದ ಕ್ರಮವೊಂದಿದೆ. 15 ಗಂಟೆಯದನ್ನು ಬಲ್ಲವರು 20 ನಿಮಿಷಕ್ಕೆ ಇಳಿಸಬಲ್ಲರು. 20 ನಿಮಿಷದ್ದನ್ನಷ್ಟೇ ಕಲಿತವರು 15 ಗಂಟೆಗೆ ಏರಿಸಲಾರರು. ನಮ್ಮ ಈಗಿನ ತೊಂದರೆಯ ಬೇರು ಇರುವುದು ಇಲ್ಲಿ.

ಕಲಿಯುವ ಹುಡುಗನ ಕಡೆಯಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಈ ವಿದ್ಯೆಗೆ ಪಾಠದ ಮನೆ ಬೇರೆ ಇಲ್ಲ, ಮೇಳವೇ ಪಾಠದ ಮನೆ. ಹುಡುಗ ಮೊದಲು ತಾಳ ಹಿಡಿದು ಅಂಚಿನಲ್ಲಿ ಕೂರುತ್ತಾನೆ. ಸೊಲ್ಲಿಗೆ ದನಿ ಕೂಡಿಸುತ್ತಾನೆ. ಒಂದೆರಡು ವರ್ಷದಲ್ಲಿ ದಮ್ಮಡಿ ಕೈಗೆ ಬರುತ್ತದೆ. ಹಿರಿಯರಿಗೆ ಗಂಟಲು ಒಣಗಿದ ಮೂರನೆಯ ಜಾವದಲ್ಲಿ, ಕೇಳುಗರು ಅರ್ಧಕ್ಕರ್ಧ ಮಲಗಿದ ಹೊತ್ತಿನಲ್ಲಿ, ‘ಈ ದಾರಿ ನೀನು ನಡೆಸು’ ಎಂದು ಒಂದು ತುಂಡು ಸಿಗುತ್ತದೆ. ತಪ್ಪಿದರೂ ನಗುವವರು ಕಡಿಮೆ, ಎತ್ತಿಕೊಳ್ಳಲು ಗುರು ಪಕ್ಕದಲ್ಲೇ ಇದ್ದಾರೆ. ಹುಡುಗ ಹಿಗ್ಗಿಸುವುದನ್ನು ಕಲಿಯುವುದು ಆ ಹೊತ್ತಿನಲ್ಲಿ. 15 ನಿಮಿಷದ ಕಾರ್ಯಕ್ರಮದಲ್ಲಿ ಮೂರನೆಯ ಜಾವ ಎಂಬುದೇ ಇಲ್ಲ. ಎಲ್ಲರ ಕಣ್ಣೂ ವೇದಿಕೆಯ ಮೇಲಿರುವಾಗ ಕಲಿಯುವವನ ಕೈಗೆ ಯಾವ ಗುರುವೂ ಹಾಡು ಕೊಡುವುದಿಲ್ಲ. ವರ್ಷಕ್ಕೆ ಎಷ್ಟು ವೇದಿಕೆ ಹತ್ತಿದರೂ ಅವನ ಕಿವಿಗೆ ಬೀಳುವುದು ಅದೇ ಸ್ತುತಿ, ಅದೇ ಮೊದಲ ಏಳು ನಿಮಿಷ, ಅದೇ ಮಂಗಳ.

ಹಾಗಾಗಿ ಈಗಿನ ಹುಡುಗರು ಮೊಬೈಲಿನಿಂದಲೋ ಅಚ್ಚಾದ ಪುಸ್ತಕದಿಂದಲೋ ಪದಕ್ಕೆ ಪದ ಉರು ಹೊಡೆಯುತ್ತಾರೆ. ಅವರಲ್ಲಿ ಶ್ರದ್ಧೆಗೆ ಕೊರತೆಯಿಲ್ಲ, ಅವರನ್ನು ಬೈಯುವುದು ಅನ್ಯಾಯ. ಆದರೆ ಉರು ಹೊಡೆದ ಹಾಡಿಗೆ ಒಂದು ದೌರ್ಬಲ್ಯವಿದೆ: ಒಂದು ಪದ ಮರೆತರೆ ಇಡೀ ಸಾಲು ನಿಲ್ಲುತ್ತದೆ. ಅಚ್ಚು ಮಾತು ಹಿಡಿದು ಸುತ್ತು ಹೊಡೆಯುವ ಅಭ್ಯಾಸ ಇಲ್ಲದವನು ತಡವರಿಸುತ್ತಾನೆ, ಹಿಮ್ಮೇಳ ಗಲಿಬಿಲಿಗೊಳ್ಳುತ್ತದೆ. ಇಂಥ ಒಂದೆರಡು ಅನುಭವವಾದ ಮೇಲೆ ಅವನು ಇನ್ನಷ್ಟು ಚಿಕ್ಕ, ಇನ್ನಷ್ಟು ಸುರಕ್ಷಿತ ತುಂಡಿಗೆ ಇಳಿಯುತ್ತಾನೆ.

ಗಡಿಯಾರ ಈ ಕಾವ್ಯದೊಳಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಆಕಾಶವಾಣಿ ಎಂಬ ಹೆಸರೇ ಮೈಸೂರಿನದು, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದ ಕೇಂದ್ರದ್ದು. ರೇಡಿಯೊ ನಮ್ಮ ಹಾಡುಗಾರರ ದನಿಯನ್ನು ಊರೂರಿಗೆ ಮುಟ್ಟಿಸಿತು, ಜೊತೆಗೆ ನಿಮಿಷದ ಲೆಕ್ಕವನ್ನೂ ಕಲಿಸಿತು. ವಿದ್ವಾಂಸರ ಸ್ಪೂಲ್ ಟೇಪಿಗೂ ಮಿತಿಯಿತ್ತು: 1,200 ಅಡಿಯ ಸುರುಳಿ ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ 32 ನಿಮಿಷಕ್ಕೆ ಮುಗಿಯುತ್ತದೆ. ಸುರುಳಿ ಬದಲಿಸುವಾಗ ಹಾಡುಗಾರರು ಕಾಯಬೇಕು, ಕಾದಾಗ ಆವೇಶ ಇಳಿಯುತ್ತದೆ. ಆಮೇಲೆ ಕ್ಯಾಸೆಟ್ಟು. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 30 ನಿಮಿಷ. ಕತೆ ಆ ಹೊತ್ತಿಗೆ ಒಂದು ತಿರುವಿಗೆ ಬಂದು ನಿಲ್ಲಲೇಬೇಕು. ಹಾಡಿನ ನಡುವಿನ ಗದ್ಯ, ಅಂದರೆ ಹಾಡುಗಾರರು ತಂತಿಯನ್ನು ಮೆಲ್ಲಗೆ ಮೀಟುತ್ತಾ ಮಾತಿನಲ್ಲಿ ಕತೆ ಮುಂದೊತ್ತುವ ಭಾಗ, ಮೊದಲು ಕತ್ತರಿಗೆ ಸಿಕ್ಕಿದ್ದು ಆಗಲೇ. ಕೇಳುಗರನ್ನು ಗದರುವುದು, ನಗಿಸುವುದು, ಪಕ್ಕದವರ ಕಾಲೆಳೆಯುವುದು ಎಲ್ಲ ನಡೆಯುತ್ತಿದ್ದದ್ದು ಆ ಗದ್ಯದಲ್ಲಿ. ಜೊತೆಗೆ ಕೀಬೋರ್ಡು, ರಿದಂ ಪ್ಯಾಡು ಬಂದು ಲಯ ಒಂದೇ ವೇಗಕ್ಕೆ ಗಟ್ಟಿಯಾಯಿತು. ಇಷ್ಟಾದರೂ ಕ್ಯಾಸೆಟ್ಟನ್ನು ಪೂರ್ತಿ ದೂರುವಂತಿಲ್ಲ: ಮಂಟೇಸ್ವಾಮಿಯ ಹೆಸರು ಒಕ್ಕಲುಗಳಾಚೆಗೆ ಹಬ್ಬಿದ್ದರಲ್ಲಿ ಅದರ ಪಾಲು ದೊಡ್ಡದು. ಆಗ ಇರುಳಿನ ಕತೆಯೂ ಪಕ್ಕದಲ್ಲೇ ನಡೆಯುತ್ತಿತ್ತು, ಕ್ಯಾಸೆಟ್ಟು ಅದರ ರುಚಿ ಹತ್ತಿಸುವ ಕೆಲಸ ಮಾಡಿತು.

ಕಂಸಾಳೆಯ ಗತಿ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕಂಸಾಳೆಯೆಂದರೆ ಕಂಚಿನ ಜೋಡಿ: ಅಂಗೈಯಲ್ಲಿ ಕೂರುವ ಬಟ್ಟಲು ಒಂದು, ದಾರ ಮತ್ತು ಗೊಂಡೆ ಕಟ್ಟಿದ ಚಪ್ಪಟೆ ತಾಳ ಇನ್ನೊಂದು. ಅದೇ ಜೋಡಿಯಿಂದ ಎರಡು ಕೆಲಸ. ಕೂತು ಮಾದಪ್ಪನ ಸಾಲು ಹಾಡುವಾಗ ಲಯ ಹಿಡಿಯುವುದು ಒಂದು. ಎದ್ದು ನಿಂತು ಬೀಸಿ, ಬಾಗಿ, ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ತಾಳ ಹೊಡೆಯುವ ಬೀಸು ಕಂಸಾಳೆ ಇನ್ನೊಂದು. ದಸರಾ ಮೆರವಣಿಗೆ, ಸಿನಿಮಾ, ಶಾಲಾ ವಾರ್ಷಿಕೋತ್ಸವ ಇವೆಲ್ಲ ಬೀಸು ಕಂಸಾಳೆಯನ್ನು ಎತ್ತಿಕೊಂಡವು. ಅದಕ್ಕೆ ತಂಡಗಳು ಹುಟ್ಟಿದವು, ಹುಡುಗಿಯರೂ ಕಲಿಯುತ್ತಿದ್ದಾರೆ, ಸಂತೋಷದ ವಿಷಯ. ನಡೆಯುತ್ತಾ ನೋಡಿ ಸವಿಯುವ ಕಲೆಗೆ ಮೆರವಣಿಗೆ ಹೊಂದುತ್ತದೆ. ಪೂಜಾ ಕುಣಿತ, ಡೊಳ್ಳು ಕೂಡ ಹಾಗೆಯೇ. ಕೂತು ಕೇಳಿಸಿಕೊಳ್ಳಬೇಕಾದ ಸಂಕಮ್ಮನ ಸಾಲಿಗೆ ಅದು ಹೊಂದುವುದಿಲ್ಲ. ‘ಕಂಸಾಳೆ ಚೆನ್ನಾಗಿ ಉಳಿದಿದೆ’ ಎಂದು ಹೇಳುವವರು ಉಳಿದದ್ದು ಯಾವುದು ಎಂದು ಒಮ್ಮೆ ಕೇಳಿಕೊಳ್ಳಬೇಕು.

ಹೊತ್ತು ಕಡಿಮೆಯಾದಾಗ ಏನನ್ನು ಬಿಡುತ್ತಾರೆ ಎಂಬುದರಲ್ಲಿ ಇನ್ನೊಂದು ಕಹಿ ಸಂಗತಿಯಿದೆ. ಕಲ್ಯಾಣ ಪಟ್ಟಣದ ಸಾಲಿನಲ್ಲಿ ಮಂಟೇಸ್ವಾಮಿ ಶರಣರನ್ನು ಪರೀಕ್ಷಿಸಲು ಬರುವುದು ಮೈಯೆಲ್ಲ ಕುಷ್ಠ ತುಂಬಿದ, ನೊಣ ಮುತ್ತಿದ, ಕಂಡವರು ಮೂಗು ಮುಚ್ಚುವ ರೂಪದಲ್ಲಿ. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರ ಊರಿನ ಬಾಗಿಲಲ್ಲಿ ಅವರಿಗೆ ತಡೆ. ಶುದ್ಧ, ಅಶುದ್ಧ ಎಂದು ಗೆರೆ ಎಳೆಯುವವರ ಮುಂದೆ ಆ ಗೆರೆಯನ್ನೇ ಹೇಸಿಕೆಯಾಗಿಸಿ ನಿಲ್ಲಿಸುವ ಭಾಗವದು. ಹೊಲಗೇರಿಯ, ಉಪ್ಪಲಿಗರ, ಬೆಸ್ತರ, ಕುರುಬರ, ಒಕ್ಕಲಿಗರ ಮನೆಗಳಿಂದ ಬಂದ ಒಕ್ಕಲುಗಳನ್ನು ಒಂದು ಗದ್ದಿಗೆಯ ಮುಂದೆ ಕೂರಿಸಿದ ಕಾವ್ಯದ ಜೀವ ಅಲ್ಲಿದೆ. ವೇದಿಕೆಯಲ್ಲಿ ಗಣ್ಯರ ಎದುರು ಆ ಭಾಗ ಜಾರಿಹೋಗುತ್ತದೆ; ಉಳಿಯುವುದು ಸ್ತುತಿ ಮತ್ತು ಮಹಿಮೆ. ಚಿಕ್ಕಲ್ಲೂರಿನಲ್ಲಿ ಬಿಡಾರ ಹೂಡಿ, ಮಾಂಸದಡುಗೆ ಮಾಡಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆಯ ಬಗ್ಗೆ 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಮುಂದಿಟ್ಟುಕೊಂಡು ನಡೆಯುತ್ತಿರುವ ಜಗ್ಗಾಟವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಲಿಯೋ ಪಂಕ್ತಿಯೋ ಎಂಬ ವಾದ ಏನೇ ಇರಲಿ, ಬಿಡಾರ ಹೂಡಿ ಉಳಿಯುವ ಜನ ಕಡಿಮೆಯಾದರೆ ರಾತ್ರಿ ಕತೆ ಕೇಳುವ ಜನವೂ ಕಡಿಮೆಯಾಗುತ್ತಾರೆ. ಇರುಳು ಬರಿಗಾಳಿಯಲ್ಲಿ ನಿಲ್ಲದು. ಅದಕ್ಕೆ ಒಲೆ, ಚಾಪೆ, ಕಂಬಳಿ ಬೇಕು.

ಹಾಗಾದರೆ ಮಾಡುವುದೇನು? ಎಲ್ಲ ಊರಲ್ಲೂ ಇಡೀ ರಾತ್ರಿ ಕತೆ ಮಾಡಿಸಿ ಎಂದರೆ ಆಗುವ ಮಾತಲ್ಲ. ಆದರೆ 15 ನಿಮಿಷಕ್ಕೂ ಕೋಳಿ ಕೂಗಿಗೂ ನಡುವೆ ಬೇಕಾದಷ್ಟು ಜಾಗವಿದೆ. ಹತ್ತು ತಂಡಗಳಿಗೆ ಕಾಲು ಕಾಲು ಗಂಟೆ ಹಂಚುವ ಸಂಜೆಯನ್ನು ಒಂದೇ ಮೇಳಕ್ಕೆ ಕೊಟ್ಟು, ಒಂದೇ ಸಾಲನ್ನು ಪೂರ್ತಿ ಕೇಳುವುದು ನಾಳೆಯೇ ಮಾಡಬಹುದಾದ ಕೆಲಸ. ಸಂಜೆ 7ಕ್ಕೆ ಶುರುವಾಗಿ ನಡುವೆ ಒಂದು ಚಹಾದ ಬಿಡುವು ಇಟ್ಟುಕೊಂಡು 11ಕ್ಕೆ ಮುಗಿದರೆ ಹಲಗೂರಿನ ಪವಾಡ ತಕ್ಕಮಟ್ಟಿಗೆ ಅರಳುತ್ತದೆ. ಉಳಿದ ಒಂಬತ್ತು ತಂಡಗಳಿಗೆ ಅನ್ಯಾಯವಾಗುತ್ತದೆ ಎಂಬ ಆಕ್ಷೇಪ ನಿಜ. ಅವರಿಗೂ ಒಂದೊಂದು ಸಂಜೆ ಬೇಕು. ತಿಂಗಳಿಗೊಂದರಂತೆ ಹಂಚಿದರೂ ವರ್ಷದಲ್ಲಿ ಎಲ್ಲರಿಗೂ ಸರದಿ ಬರುತ್ತದೆ.

ಸಂಭಾವನೆಯ ಲೆಕ್ಕವೂ ಬದಲಾಗಬೇಕು. ರಾತ್ರಿ ಹಾಡಿದವರಿಗೆ ಮಾರನೆಯ ದಿನದ ಕೂಲಿ ಹೋಗುತ್ತದೆ. ನಾಲ್ವರ ಮೇಳವೆಂದರೆ 4 ಆಳಿನ ದಿನಗೂಲಿ ಅಲ್ಲಿಗೇ ಆಯಿತು. ಹಾಡಿನ ಬೆಲೆ ಅದರ ಮೇಲಿನದು. ಕೊನೆಯ ಬಸ್ಸು ತಪ್ಪಿದರೆ ಆಟೊ, ಮಲಗಲು ಜಾಗ, ಬಿಸಿ ಊಟ. ‘ತಂಡಕ್ಕೆ ಇಷ್ಟು’ ಎಂದು ಒಟ್ಟು ಮೊತ್ತ ಹೇಳಿದಾಗ ಕತ್ತರಿ ಬೀಳುವುದು ಹಿಮ್ಮೇಳದ ಹುಡುಗನ ಪಾಲಿಗೆ, ಇಲ್ಲವೇ ಅವನನ್ನು ಕರೆತರುವುದೇ ಇಲ್ಲ. ಕಲಿಯುವವನಿಗೆ ಬೇರೆಯಾಗಿ ಒಂದು ಪಾಲು ನಮೂದಿಸಿ, ಅವನ ಕೈಗೇ ಕೊಡುವುದು ಹಿರಿಯರಿಗೆ ಹೊದಿಸುವ ಇನ್ನೊಂದು ಶಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ವೇದಿಕೆ ಕಟ್ಟುವಾಗ ಆಗುವ ತಪ್ಪುಗಳು ಸಣ್ಣವು, ಪರಿಣಾಮ ದೊಡ್ಡದು. ಎದುರು ದೀಪಗಳನ್ನು ಹಾಡುಗಾರರ ಕಣ್ಣಿಗೆ ಹೊಡೆಸಿ ಸಭೆಯನ್ನು ಕತ್ತಲೆ ಮಾಡಿದರೆ ಅವರಿಗೆ ಮುಖಗಳು ಕಾಣುವುದಿಲ್ಲ. ಮುಖ ಕಾಣದೆ ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಇಳಿಸಬೇಕು ಎಂಬ ಅಂದಾಜೇ ಸಿಗದು. ಸಭೆಯ ದೀಪ ಅರ್ಧವಾದರೂ ಉರಿಯಲಿ. ನಾಲ್ಕಡಿ ಎತ್ತರದ ವೇದಿಕೆಗಿಂತ ಒಂದಡಿಯ ಜಗುಲಿ ಒಳ್ಳೆಯದು, ಕೇಳುಗರು ಚಾಪೆಯಲ್ಲಿ ಕೂರಲಿ. ಹಾಡುಗಾರರಿಗೆ ಒಂದೇ ಮೈಕು ಕೊಟ್ಟು ಅದನ್ನು ಬಾಯಿಗೆ ಒತ್ತಿದರೆ ತಂಬೂರಿ ಮುಳುಗುತ್ತದೆ, ಗಗ್ಗರದ ಕಿರಿ ದನಿ ಮಾತಿನ ಮೇಲೆ ಕೂರುತ್ತದೆ. ತಂಬೂರಿಗೆ ಬೇರೆ ಮೈಕು ಬೇಕು, ಅದರ ದನಿ ಹಾಡುಗಾರರಿಗೂ ತಿರುಗಿ ಕೇಳಿಸಬೇಕು. ತಮ್ಮ ಶ್ರುತಿ ತಮಗೇ ಕೇಳದಿದ್ದರೆ ಅರ್ಧ ಗಂಟೆಯಲ್ಲಿ ಕಂಠ ಮೇಲೇರಿ ಬಿಗಿಯುತ್ತದೆ, ಬೆಳಗಿನವರೆಗೆ ಬಾಳುವುದಿಲ್ಲ. ಪ್ರತಿಧ್ವನಿಯ ಗುಂಡಿಯನ್ನು ಸೊನ್ನೆಗೆ ಇಳಿಸಿ. ಅದು ಮಾತನ್ನು ಕಲಸಿಬಿಡುತ್ತದೆ. ಬಯಲಿನಲ್ಲಿ ನಡುರಾತ್ರಿಯ ಇಬ್ಬನಿಗೆ ದಮ್ಮಡಿಯ ತೊಗಲು ಸಡಿಲವಾಗಿ ದನಿ ಸತ್ತುಹೋಗುತ್ತದೆ. ಹತ್ತಿರ ಒಂದಿಷ್ಟು ಕೆಂಡ ಇಟ್ಟರೆ ಗಂಟೆಗೊಮ್ಮೆ ಕಾಯಿಸಿಕೊಳ್ಳಬಹುದು. ಆಯೋಜಕರ ಪಟ್ಟಿಯಲ್ಲಿ ಪುಷ್ಪಗುಚ್ಛ ಇರುತ್ತದೆ, ಕೆಂಡ ಇರುವುದಿಲ್ಲ.

ದಾಖಲಾತಿಯ ವಿಷಯದಲ್ಲಿ ಇಂದಿನಷ್ಟು ಅನುಕೂಲ ಹಿಂದೆಂದೂ ಇರಲಿಲ್ಲ. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿದ ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿಯವರ ತಲೆಮಾರು ಊರೂರು ಅಲೆದು ಕೂಡಿಹಾಕಿದ್ದನ್ನು ನೆನೆದರೆ, ಇವತ್ತು ಅಂಗೈಯಗಲದ ರೆಕಾರ್ಡರು ಇಟ್ಟುಕೊಂಡು ಸುಮ್ಮನಿರುವುದಕ್ಕೆ ನೆಪವೇ ಇಲ್ಲ. 48 ಕಿಲೊಹರ್ಟ್ಸ್, 24 ಬಿಟ್ಟಿನಲ್ಲಿ ಸ್ಟೀರಿಯೊ ದಾಖಲಿಸಿದರೆ ಗಂಟೆಗೆ ಸುಮಾರು 1 ಜಿಬಿ. ಹತ್ತು ಗಂಟೆಯ ಇರುಳು 32 ಜಿಬಿ ಕಾರ್ಡಿನಲ್ಲಿ ಮೂರನೆಯ ಒಂದು ಪಾಲಿಗೆ ಹಿಡಿಸುತ್ತದೆ. ರೆಕಾರ್ಡರನ್ನು ಧ್ವನಿವರ್ಧಕದ ಮುಂದಿಡಬೇಡಿ. ಹಾಡುಗಾರರಿಂದ ಒಂದೂವರೆ ಮೀಟರಿನಷ್ಟು ದೂರದಲ್ಲಿ, ದಮ್ಮಡಿಯ ಬದಿಗಲ್ಲದೆ ತಂಬೂರಿಯ ಬದಿಗೆ ಇಡಿ. ದನಿಯ ಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆಯನ್ನು ಬಂದ್ ಮಾಡಿ; ಇಲ್ಲವಾದರೆ ಗದ್ಯದ ಪಿಸುಮಾತು ಹಿಗ್ಗಿ, ಸೊಲ್ಲು ಬಂದಾಗ ಕುಗ್ಗಿ, ಕಿವಿಗೆ ಅಲೆಯಂತೆ ಬಡಿಯುತ್ತದೆ. ಮೊಬೈಲಿನಲ್ಲೇ ಮಾಡುವುದಾದರೆ ಕರೆ ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿ. ಶುರುವಿನಲ್ಲೇ ತಾರೀಖು, ಊರು, ಯಾವ ಸಂದರ್ಭ (ಹರಕೆಯೋ ತಿಥಿಯೋ ಜಾತ್ರೆಯೋ), ಮೇಳದವರ ಹೆಸರು, ಯಾವ ಸಾಲು ಎಂಬುದನ್ನು ಬಾಯಲ್ಲೇ ಹೇಳಿ ದಾಖಲಿಸಿ. ಯೂಟ್ಯೂಬಿನಲ್ಲಿರುವ ಎಷ್ಟೋ ಇರುಳುಗಳಿಗೆ ಊರಿಲ್ಲ, ಹೆಸರಿಲ್ಲ; ಹತ್ತು ವರ್ಷ ಕಳೆದರೆ ಅದು ಯಾರ ದನಿ ಎಂದು ಹೇಳುವವರೂ ಉಳಿಯುವುದಿಲ್ಲ.

ದಾಖಲಿಸುವ ಮೊದಲು ಕೇಳಬೇಕು, ಬರೆದುಕೊಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಕಲಮಿನ ಪ್ರಕಾರ ಹಾಡುವವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಕಾವ್ಯ ಯಾರ ಸ್ವತ್ತೂ ಅಲ್ಲದಿದ್ದರೂ ಆ ರಾತ್ರಿಯ ಹಾಡಿಕೆ ಅವರದು. ಕನ್ನಡದಲ್ಲಿ ಒಂದೇ ಪುಟದ ಒಪ್ಪಂದ ಸಾಕು: ದಾಖಲೆ ಎಲ್ಲಿ ಬಳಕೆಯಾಗುತ್ತದೆ, ದುಡ್ಡು ಬಂದರೆ ಯಾರಿಗೆ ಎಷ್ಟು, ಹಾಡಿದವರೇ ಮುಂದೆ ತಮ್ಮ ಚಾನೆಲ್ಲಿಗೆ ಹಾಕಿಕೊಳ್ಳಬಹುದೇ. ಮೂರನೆಯದನ್ನು ಬಿಟ್ಟುಬಿಟ್ಟರೆ ಆಗುವ ಅನಾಹುತವೆಂದರೆ, ಹಾಡುಗಾರರು ತಮ್ಮದೇ ದನಿಯನ್ನು ಏರಿಸಿದಾಗ ಬೇರೆಯವರ ಹಕ್ಕಿನ ನೋಟಿಸು ಬರುವುದು.

ಬರಹಕ್ಕೆ ಇಳಿಸುವಾಗ ಇನ್ನೊಂದು ಎಚ್ಚರ. ಈ ಸೀಮೆಯ ಬಾಯಲ್ಲಿ ಹಲಗೂರು ‘ಅಲಗೂರು’. ‘ಅಲಗೂರ ಬಾಗಲಲ್ಲಿ ಅರೆಗಳಿಗೆ ನಿಂತರು’ ಎಂಬಂಥ ಸಾಲನ್ನು ‘ಹಲಗೂರಿನ ಬಾಗಿಲಿನಲ್ಲಿ ಅರೆ ಗಳಿಗೆ ನಿಂತರು’ ಎಂದು ತಿದ್ದಿದರೆ ಮೊದಲಕ್ಷರದ ಪ್ರಾಸ ಕಳಚುತ್ತದೆ, ದಮ್ಮಡಿಯ ಪೆಟ್ಟಿಗೆ ಎರಡು ಅಕ್ಷರ ಹೆಚ್ಚಾಗುತ್ತದೆ. ಓದುಗರ ಅನುಕೂಲಕ್ಕೆ ಅರ್ಥವನ್ನು ಪುಟದ ಕೆಳಗೆ ಕೊಡಬಹುದು, ಸಾಲನ್ನು ಮುಟ್ಟಬಾರದು. ಸೊಲ್ಲನ್ನು ಪ್ರತಿ ಸಲ ಬರೆಯುವುದು ದಂಡವೆನಿಸಿದರೂ ಎಲ್ಲೆಲ್ಲಿ ಬಂತೆಂದು ಒಂದು ಗುರುತಾದರೂ ಹಾಕಲೇಬೇಕು. ಹಾಡುಗಾರರು ಎಲ್ಲಿ ಉಸಿರು ತೆಗೆದುಕೊಂಡರು, ಎಲ್ಲಿ ಸೊಲ್ಲು ಎರಡು ಸಲ ಬಂತು, ಎಲ್ಲಿ ಕೇಳುಗರೊಬ್ಬರು ‘ಇನ್ನೊಂದ್ಸಲ ಹೇಳಪ್ಪ’ ಎಂದು ಕೂಗಿದ್ದಕ್ಕೆ ದಾರಿ ಮತ್ತೆ ಮೊದಲಿನಿಂದ ಶುರುವಾಯಿತು, ಅದೂ ಆ ಪುಟದಲ್ಲಿ ಇರಬೇಕು.